ಜೊತೆಯಾಗಿ ಸೈಕಲ್ ತುಳಿಯುವಾಗ



ಜಾಗೃತಿ ಜಾಥಾ ಎಂದರೆ ನಾವೂ ಎಲ್ಲರನ್ನೂ ಸೈಕಲ್ ಹತ್ತಿಸುತ್ತೇವೆ. ಗುಂಪಿನಲ್ಲಿ ತುಳಿಯುವುದು ಹೇಗೆ ಅಂತ ಮಾತ್ರ ಹೇಳಿಕೊಡುವುದಿಲ್ಲ. ಆದ್ದರಿಂದ ಈ ಸಲ ಇಂಗ್ಲೆಂಡಿನ ಒಂದು ಯಾತ್ರೆಯನ್ನು ಪಾಠಕ್ಕೆ ತೆಗೆದುಕೊಂಡಿದ್ದೇವೆ.

ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್‌ಗೆ 54 ಮೈಲಿ, ಅಂದರೆ ಸುಮಾರು 87 ಕಿ.ಮೀ. 1976ರಲ್ಲಿ ಕೆಲವೇ ಮಂದಿಯಿಂದ ಶುರುವಾದ ಈ ಸವಾರಿ, 1980ರಿಂದ ಬ್ರಿಟಿಷ್ ಹಾರ್ಟ್ ಫೌಂಡೇಶನ್ನಿನ ಹೃದಯರೋಗ ಸಂಶೋಧನೆಗೆ ಹಣ ಕೂಡಿಸುತ್ತಿದೆ. ಈಗ ಸಾವಿರಾರು ಜನ ಸೇರುತ್ತಾರೆ. "ನಾನು ಬ್ರೈಟನ್ ತನಕ ತುಳಿಯುತ್ತೇನೆ, ನಿಮ್ಮ ಕೈಲಾದಷ್ಟು ಕೊಡಿ" ಅಂತ ನೆಂಟರು, ನೆರೆಯವರ ಬಳಿ ಕೇಳಿ ಹಣ ತರುತ್ತಾರೆ. ಅಪರೂಪಕ್ಕೆ ಸೈಕಲ್ ಮುಟ್ಟುವವರು, ದಿನವೂ ತುಳಿಯುವ ಕ್ಲಬ್ಬಿನವರು, ಎಲ್ಲರಿಗೂ ಒಂದೇ ರಸ್ತೆ.

ಬ್ರೈಟನ್ ಹತ್ತಿರವಾದಾಗ ಡಿಚ್ಲಿಂಗ್ ಬೀಕನ್ ಎಂಬ 248 ಮೀಟರ್ ಎತ್ತರದ ಗುಡ್ಡ ಸಿಗುತ್ತದೆ. ರಸ್ತೆ ಕಿರಿದು, ತಿರುವು ಬೇರೆ, ಸುಮಾರು ಒಂದು ಮೈಲಿ ಕಡಿದಾದ ಏರು. ಬಹಳ ಜನ ಇಳಿದು ತಳ್ಳುತ್ತಾರೆ. ಪಳಗಿದವರಿಗೆ ಇಳಿಯಲು ಮನಸ್ಸಿಲ್ಲ. ಏರಿನಲ್ಲಿ ಒಮ್ಮೆ ಕಾಲು ಕೆಳಗಿಟ್ಟರೆ ಮತ್ತೆ ಹತ್ತುವುದು ಕಷ್ಟ. ಹಾಗಾಗಿ "ದಾರಿ ಬಿಡಿ" ಎಂಬ ಕೂಗು. ಕೂಗಿಗೆ ಬೆಚ್ಚಿ ಮುಂದಿನವರು ಹಿಂದೆ ತಿರುಗಿ ನೋಡಿದರೆ ಹ್ಯಾಂಡಲ್ಲೂ ಅತ್ತ ತಿರುಗುತ್ತದೆ. ಒಬ್ಬರು ಬಿದ್ದರೆ ಹಿಂದಿನ ನಾಲ್ವರೂ ಬಿದ್ದಂತೆ.

ತಪ್ಪು ಯಾರದು? ನಿಧಾನ ಹೋಗುವುದು ತಪ್ಪಲ್ಲ ಎಂದೇ ನಮ್ಮ ಅಭಿಪ್ರಾಯ; ಅವರು ತಂದ ಹಣವೂ ಹಣವೇ. ಹೇಳದೆ ಕೇಳದೆ ನಡುರಸ್ತೆಯಲ್ಲಿ ನಿಲ್ಲುವುದು ತಪ್ಪು. ವೇಲ್ ಚೈನಿಗೆ ಸಿಕ್ಕಿದರೂ ಸರಿ, ಆದಷ್ಟು ಮಟ್ಟಿಗೆ ಕೈ ತೋರಿಸಿ ಎಡಕ್ಕೆ ಸರಿದು ನಿಲ್ಲಬೇಕು. ತಳ್ಳುವವರು ಸಾಲಾಗಿ ಎಡಬದಿಯಲ್ಲೇ ಇರಬೇಕು, ಮಾತಾಡಿಕೊಂಡು ಮೂವರು ಅಡ್ಡಡ್ಡ ಹೋಗಬಾರದು.

ಆದರೆ ಹೆಚ್ಚು ಹೊಣೆ ಪಳಗಿದವರದೇ. ಹೊಸಬರಿಗೆ ಅಪಾಯ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ, ಇವರಿಗೆ ಗೊತ್ತು. ಕ್ಲಬ್ಬಿನವರು ಗಾಳಿಯ ಎದುರೊತ್ತು ತಪ್ಪಿಸಲು ಒಬ್ಬರ ಚಕ್ರದ ಹಿಂದೆ ಒಬ್ಬರು ಅಂಟಿಕೊಂಡು ಹೋಗ್ತಾರೆ. ಪರಸ್ಪರ ಸನ್ನೆ ಗೊತ್ತಿರುವವರಿಗೆ ಅದು ಸರಿ, ಅಪರಿಚಿತರ ಹಿಂದೆ ಸಲ್ಲದು. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. "ಬಲಗಡೆಯಿಂದ ಬರ್ತಾ ಇದ್ದೇನೆ" ಅಂತ ಮೆತ್ತಗೆ, ಮುಂಚಿತವಾಗಿ ಹೇಳಿ, ಒಂದು ಮಾರು ದೂರ ಬಿಟ್ಟು ದಾಟಬೇಕು. ಜಾಗವಿಲ್ಲದಿದ್ದರೆ ಇಳಿಯಬೇಕು. ವೇಗವೇ ಬೇಕಿದ್ದವರು ಬೆಳಿಗ್ಗೆ ಮೊದಲ ತಂಡದಲ್ಲೇ ಹೊರಟುಬಿಡಲಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಮುಂದಿನ ಜಾಥಾದಲ್ಲಿ ಎಲ್ಲರಿಗಿಂತ ಹಿಂದೆ, ಕೊನೆಯ ಸೈಕಲ್ಲಿನ ಜೊತೆಗೆ, ಪಳಗಿದವರಲ್ಲಿ ಯಾರು ಇರುತ್ತಾರೆ?