ಫ್ಲೆಕ್ಸ್ ಬಿಡಿ, ವೇಳಾಪಟ್ಟಿ ನೋಡಿ

ಮಗಳನ್ನು ಎಂಟನೇ ತರಗತಿಗೆ ಊರಿನ ಸರ್ಕಾರಿ ಪ್ರೌಢಶಾಲೆಗೆ ಸೇರಿಸುವುದೋ, ಹೋಬಳಿ ಕೇಂದ್ರದ ಕರ್ನಾಟಕ ಪಬ್ಲಿಕ್ ಶಾಲೆಗೋ ಎಂದು ಕೇಳಿದ್ದೀರಿ. ಊರಿನ ಶಾಲೆಯ ಗೇಟಿನಲ್ಲಿ ‘ಶೇ 100 ಫಲಿತಾಂಶ’ದ ಫ್ಲೆಕ್ಸ್ ಇದೆಯಂತೆ. ಯಾವ ವರ್ಷದ್ದು, ಎಷ್ಟು ಮಕ್ಕಳು ಪರೀಕ್ಷೆಗೆ ಕೂತಿದ್ದರು? ಹನ್ನೆರಡೇ ಮಕ್ಕಳಿದ್ದರೆ ಒಬ್ಬ ಫೇಲಾದರೂ ಶೇಕಡಾ ಎಂಟು ಇಳಿಯುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ! ಅದಕ್ಕೂ ಹಿಂದಿನ ಫ್ಲೆಕ್ಸಾದರೆ ನಾನಂತೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಎರಡೂ ಕಡೆ ಮುಖ್ಯಶಿಕ್ಷಕರ ಕೋಣೆಯಲ್ಲಿ ವೇಳಾಪಟ್ಟಿ ತೂಗುಹಾಕಿರುತ್ತಾರೆ, ಅದನ್ನು ನಿಧಾನವಾಗಿ ಓದಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರ ಹೆಸರಿದೆಯೇ, ಇಲ್ಲ ಒಬ್ಬರೇ ಮೂರು ಕಡೆ ಓಡಾಡುತ್ತಿದ್ದಾರೆಯೇ? ಅತಿಥಿ ಶಿಕ್ಷಕರು ಚೆನ್ನಾಗಿ ಕಲಿಸುವುದಿಲ್ಲ ಎಂದಲ್ಲ; ಎಷ್ಟೋ ಕಡೆ ಶಾಲೆ ನಡೆಯುತ್ತಿರುವುದೇ ಅವರಿಂದ. ಆದರೆ ಅವರ ನೇಮಕ ತಡವಾದರೆ ಜೂನ್‌ ತಿಂಗಳ ಗಣಿತ ಹಾಗೇ ಉಳಿಯುತ್ತದೆ. ಹಾಗೇ ಹೆಣ್ಣುಮಕ್ಕಳ ಶೌಚಾಲಯಕ್ಕೂ ಹೋಗಿ ನಲ್ಲಿ ತಿರುಗಿಸಿ ನೋಡಿ. ಪ್ರಯೋಗಾಲಯದ ಬೀಗಕ್ಕೆ ತುಕ್ಕು ಹಿಡಿದಿದೆಯೇ ಎಂಬುದನ್ನೂ.

ಪಬ್ಲಿಕ್ ಶಾಲೆಯಲ್ಲಿ ಪಿಯುಸಿವರೆಗೂ ಓದಬಹುದು, ಅದು ಸಣ್ಣ ಅನುಕೂಲವಲ್ಲ. ಮಾಧ್ಯಮದ ಬಗ್ಗೆ ಮಗಳನ್ನೇ ಕೇಳಿ. ಇಷ್ಟಾದರೂ ಹತ್ತನೇ ತರಗತಿಯ ವಿಶೇಷ ತರಗತಿ ಮುಗಿಯುವ ಹೊತ್ತಿಗೆ ವಾಪಸ್ ಬರಲು ಬಸ್ ಇಲ್ಲದಿದ್ದರೆ, ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇದ್ದರೆ, ಅಲ್ಲಿಗೇ ಸೇರಿಸಿ.