ಗ್ರೀನ್ ಕಾರ್ಡಿನ ಸಾಲು, ಮಗಳ ವಯಸ್ಸು

ಪ್ರಶ್ನೆ: ಮೇಡಂ, ನಾವಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಯಜಮಾನರು ಎಚ್-1ಬಿ ಮೇಲೆ ಬಂದು ಹತ್ತು ವರ್ಷವಾಗುತ್ತ ಬಂತು. ಕಂಪನಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ, ಐ-140 ಮಂಜೂರಾಗಿ ಕೆಲವು ವರ್ಷಗಳೇ ಆಗಿವೆ. ಪ್ರಯಾರಿಟಿ ಡೇಟ್ 2018ರದು. ಸಂಬಳ ಏರಿಲ್ಲ, ರಾತ್ರಿ ಹನ್ನೊಂದಕ್ಕೂ ಕಾಲ್ ತಪ್ಪುವುದಿಲ್ಲ. ಬೇರೆ ಕಡೆ ಒಳ್ಳೆಯ ಆಫರ್ ಬಂದಿದೆ. ಆದರೆ "ಇಲ್ಲಿ ಬಿಟ್ಟರೆ ಇಷ್ಟು ವರ್ಷ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ" ಅಂತಾರೆ. ನಾನು ಎಚ್-4 ಇಎಡಿ ಮೇಲೆ ಕೆಲಸಕ್ಕೆ ಹೋಗುತ್ತೇನೆ. ಮಗಳು ತುಮಕೂರಿನಲ್ಲಿ ಹುಟ್ಟಿದವಳು, ಈಗ ಹದಿಮೂರು. ಮಗ ಇಲ್ಲೇ ಹುಟ್ಟಿದ್ದು. ಮೊನ್ನೆ ಅವಳು, "ತಮ್ಮ ಅಮೆರಿಕನ್, ನನಗೆ ಇಪ್ಪತ್ತೊಂದು ತುಂಬಿದರೆ ನನ್ನನ್ನ ಕಳಿಸಿಬಿಡ್ತಾರಾ?" ಅಂದಳು. ಏನು ಹೇಳಲಿ? ಎಲ್ಲ ಬಿಟ್ಟು ಊರಿಗೆ ಬಂದುಬಿಡೋಣವೇ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಯಜಮಾನರ ಹೆದರಿಕೆಗೆ ಬರುತ್ತೇನೆ. ಅದರಲ್ಲಿ ಅರ್ಧಕ್ಕೆ ಆಧಾರವಿಲ್ಲ. ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾದ ಮೇಲೆ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ಜಾಗ ಹೇಳುವ ದಿನಾಂಕ, ಅವರ ಜೊತೆಗೇ ಇರುತ್ತದೆ. ವಂಚನೆಯೋ ವಲಸೆ ಇಲಾಖೆಯ ಕಡೆಯ ದೊಡ್ಡ ತಪ್ಪೋ ಹೊರಬಿದ್ದು ರದ್ದಾದರೆ ಮಾತು ಬೇರೆ. ಇಲ್ಲವಾದರೆ ಹೊಸ ಕಂಪನಿಯ ಅರ್ಜಿಗೂ 2018ರ ಅದೇ ದಿನಾಂಕ ಸಿಗುತ್ತದೆ. ಮಂಜೂರಾಗಿ 180 ದಿನ ದಾಟಿದ್ದರೆ, ಹಳೆಯ ಕಂಪನಿ ಸಿಟ್ಟಿನಿಂದ ಅರ್ಜಿ ಹಿಂದಕ್ಕೆ ತೆಗೆದುಕೊಂಡರೂ ಎಚ್-1ಬಿ ವಿಸ್ತರಣೆಗೆ ಅದು ಆಧಾರವಾಗಿಯೇ ಉಳಿಯುತ್ತದೆ. 2017ರ ಜನವರಿಯಿಂದ ಈ ನಿಯಮ ಜಾರಿಯಲ್ಲಿದೆ. ನಿಮ್ಮ ಕೆಲಸದ ಪರವಾನಗಿಯಾದ ಇಎಡಿಯೂ ಆ ಮಂಜೂರಾತಿಯ ಮೇಲೇ ನಿಂತಿರುವುದರಿಂದ ನಿಮ್ಮ ಕೆಲಸಕ್ಕೂ ಕುತ್ತಿಲ್ಲ. ನವೀಕರಣಕ್ಕೆ ಮಾತ್ರ ಅವಧಿ ಮುಗಿಯುವ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಅರ್ಜಿ ಹಾಕಿದ್ದರೆ ಸಾಕು, ತಾನಾಗಿ ಮುಂದುವರಿಯುತ್ತದೆ ಎಂಬ ಸೌಲಭ್ಯವನ್ನು 2025ರ ಅಕ್ಟೋಬರ್ ಕೊನೆಗೆ ತೆಗೆದುಹಾಕಿದ್ದಾರೆ.

ಉಳಿದರ್ಧ ಹೆದರಿಕೆ ಸರಿಯಾದದ್ದೇ. ಹೊಸ ಕಂಪನಿ ಮೊದಲ ಹಂತವಾದ ಪರ್ಮ್‌ನಿಂದ ಎಲ್ಲವನ್ನೂ ಮತ್ತೆ ಶುರು ಮಾಡಬೇಕು. ಜಾಹೀರಾತು ಕೊಟ್ಟು, ಆ ಕೆಲಸಕ್ಕೆ ಅಲ್ಲಿನವರು ಸಿಗಲಿಲ್ಲವೆಂದು ತೋರಿಸಿ, ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆಯುವಷ್ಟರಲ್ಲಿ ವರ್ಷ ದಾಟುತ್ತದೆ. "ಸೇರಿಕೊಳ್ಳಿ, ಆಮೇಲೆ ಮಾಡೋಣ" ಎನ್ನುವ ಮಾತಿಗೆ ಬೆಲೆಯಿಲ್ಲ. ಎಷ್ಟು ತಿಂಗಳೊಳಗೆ ಶುರು ಮಾಡುತ್ತಾರೆಂದು ಬರಹದಲ್ಲಿ ತೆಗೆದುಕೊಳ್ಳಿ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗಡುವು. ಆದರೆ ಆ ಗಡುವು ಈಗಿರುವ ಕಂಪನಿಯಲ್ಲೂ ಅಷ್ಟೇ, ಅಲ್ಲೇನು ಲೇಆಫ್ ಆಗುವುದಿಲ್ಲವೇ?

ಇನ್ನೊಂದು ಕಾಗದದ ವಿಷಯ. ಐ-140 ಮಂಜೂರಾದ ನೋಟಿಸು, ಅಂದರೆ ಐ-797, ಕಂಪನಿಯ ಹೆಸರಿಗೆ ಬರುತ್ತದೆ. ಎಷ್ಟೋ ಎಚ್‌ಆರ್‌ಗಳು ಅದರ ಪ್ರತಿ ಕೊಡುವುದಿಲ್ಲ. ನಿಮ್ಮವರ ಹತ್ತಿರ ಇದೆಯೇ, ಇವತ್ತು ರಾತ್ರಿಯೇ ಕೇಳಿ. ಇಲ್ಲದಿದ್ದರೆ, ನಮ್ಮ ಮಾಹಿತಿ ಹಕ್ಕಿನಂಥ ಕಾನೂನು ಅಲ್ಲೂ ಇದೆ, ಅದರಡಿ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಅರ್ಜಿ ಹಾಕಿ ತಮ್ಮ ಫೈಲಿನಲ್ಲಿರುವುದನ್ನು ಕೇಳಬಹುದು. ಬೆಂಗಳೂರಿನಲ್ಲಿ ಮೊದಲು ಕೆಲಸ ಮಾಡಿದ ಕಡೆಯ ಅನುಭವ ಪತ್ರಗಳನ್ನೂ ಹುಡುಕಿಡಲಿ. ಏನೇನು ಕೆಲಸ ಮಾಡುತ್ತಿದ್ದರೆಂಬ ವಿವರ ಅವುಗಳಲ್ಲಿರಬೇಕು. ಬಿಟ್ಟು ಹೋಗುವುದಾದರೆ ಪರ್ಮ್‌ನ ಲಾಯರ್ ಫೀಸು ವಾಪಸ್ ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಆ ಖರ್ಚು ಕಂಪನಿಯದೇ ಎಂದು ಅಲ್ಲಿನ ನಿಯಮವೇ ಹೇಳುತ್ತದೆ.

ಇನ್ನು ಗ್ರೀನ್ ಕಾರ್ಡಿನ ಸಾಲಿನ ಮಾತು. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು, ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ. ನೀವೋ ನಿಮ್ಮವರೋ ತಂದೆಯ ನೌಕರಿಯಿಂದಾಗಿ ಮಸ್ಕತ್ತಿನಲ್ಲಿ ಹುಟ್ಟಿದ್ದರೆ ಒಮಾನಿನ ಲೆಕ್ಕಕ್ಕೆ ಸೇರಿಕೊಳ್ಳಬಹುದಿತ್ತು! ಭಾರತದಲ್ಲಿ ಹುಟ್ಟಿದವರ ದಿನಾಂಕ ಹತ್ತು ವರ್ಷಕ್ಕೂ ಹಿಂದೆ ನಿಂತಿದೆ, ಕೆಲವೊಮ್ಮೆ ಇನ್ನೂ ಹಿಂದಕ್ಕೆ ಸರಿಯುತ್ತದೆ. 2018ರವರ ಸರದಿ ಯಾವ ವರ್ಷ ಬರುತ್ತದೆಂದು ಖಚಿತವಾಗಿ ಹೇಳುವವರನ್ನು ನಂಬಬೇಡಿ. ಯಾರ ಸರದಿ ಬಂತೆಂದು ಹೇಳುವ ಪ್ರತಿ ತಿಂಗಳ ವೀಸಾ ಬುಲೆಟಿನ್ ನೋಡಿ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತರೆ ಅದೇನೂ ಬೇಗ ಬರುವುದಿಲ್ಲ.

ನಿಮಗೆ ನಿಜವಾದ ಗಡುವು ಮಗಳ ವಯಸ್ಸು. ಅಮೆರಿಕದ 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯ್ದೆಯಲ್ಲಿ ಒಂದು ರಿಯಾಯಿತಿ ಇದೆ: ಐ-140 ಅರ್ಜಿ ಇಲಾಖೆಯ ಮುಂದೆ ಎಷ್ಟು ದಿನ ಇತ್ತೋ ಅಷ್ಟನ್ನು ಅವಳ ವಯಸ್ಸಿನಿಂದ ಕಳೆಯುತ್ತಾರೆ. ಸರದಿಯಲ್ಲಿ ಕಾದ ವರ್ಷಗಳು ಲೆಕ್ಕಕ್ಕಿಲ್ಲ. ಪ್ರೀಮಿಯಂ ಶುಲ್ಕ ಕಟ್ಟಿ ಎರಡು ಮೂರು ವಾರದಲ್ಲಿ ಮಂಜೂರು ಮಾಡಿಸಿಕೊಂಡವರಿಗೆ ಸಿಗುವುದು ಆ ಎರಡು ಮೂರು ವಾರವೇ, ಎಂಟು ತಿಂಗಳು ಗೊಣಗಿಕೊಂಡು ಕಾದವರಿಗೆ ಎಂಟು ತಿಂಗಳು. ಆ ವಯಸ್ಸನ್ನು ವೀಸಾ ಬುಲೆಟಿನ್ನಿನ ಯಾವ ಪಟ್ಟಿಯ ದಿನಾಂಕಕ್ಕೆ ನಿಲ್ಲಿಸಬೇಕೆಂಬುದನ್ನೂ 2025ರ ಆಗಸ್ಟ್ 15ರಿಂದ ಬಿಗಿ ಮಾಡಿದ್ದಾರೆ. ಇಪ್ಪತ್ತೊಂದು ತುಂಬುವಷ್ಟರೊಳಗೆ ಸರದಿ ಬರದಿದ್ದರೆ ಅವಳು ಎಚ್-4ರಿಂದ ಹೊರಬಿದ್ದು, ಓದುತ್ತಿದ್ದರೆ ಸ್ಟೂಡೆಂಟ್ ವೀಸಾಕ್ಕೆ ಬದಲಾಗಬೇಕು, ಮುಂದೆ ತನ್ನದೇ ದಾರಿ ನೋಡಿಕೊಳ್ಳಬೇಕು. ತಮ್ಮ ದೊಡ್ಡವನಾದ ಮೇಲೆ ಅಕ್ಕನಿಗೆ ಅರ್ಜಿ ಹಾಕಬಹುದು, ಆದರೆ ಆ ಸಾಲು ಇದಕ್ಕಿಂತ ಉದ್ದ.

ಅವಳಿಗೆ ಇದನ್ನೇ ಹೇಳಿ. "ಯಾರೂ ಪೊಲೀಸರನ್ನು ಕಳಿಸಿ ಕರೆದೊಯ್ಯುವುದಿಲ್ಲ, ಕಾಲೇಜಿನಲ್ಲಿದ್ದರೆ ವೀಸಾ ಬದಲಾಗುತ್ತದೆ, ಇನ್ನೂ ಎಂಟು ವರ್ಷವಿದೆ, ನಾವು ಲೆಕ್ಕ ಹಾಕುತ್ತಿದ್ದೇವೆ." ಹದಿಮೂರರ ಹುಡುಗಿಗೆ ಇಷ್ಟು ಅರ್ಥವಾಗುತ್ತದೆ. "ಏನೂ ಆಗಲ್ಲ ಬಿಡು" ಎಂದರೆ ಅವಳು ಫೋನಿನಲ್ಲಿ ಹುಡುಕಿ ಇನ್ನಷ್ಟು ಹೆದರುತ್ತಾಳೆ.

ಊರಿಗೆ ಬರುವುದಾದರೆ ಅವಳು ಹೈಸ್ಕೂಲಿನ ನಡುವೆ ಸಿಕ್ಕಿಕೊಳ್ಳುವ ಮುಂಚೆ ಬನ್ನಿ. ಇಲ್ಲಿ ಅವಳು ಪ್ರಜೆ, ಒಸಿಐ ಕಾರ್ಡು ಬೇಕಾಗುವುದು ತಮ್ಮನಿಗೆ. ಊರಿನ ಬದಲು ಕೆನಡಾಕ್ಕೆ ಹೋಗುವ ಯೋಚನೆಯಿದ್ದರೆ ನಿಮ್ಮವರ ವಯಸ್ಸು ನೋಡಿ. ಅಲ್ಲಿನ ಅಂಕ ಪದ್ಧತಿಯಲ್ಲಿ 30ರಿಂದ ವಯಸ್ಸಿನ ಅಂಕ ಇಳಿದು 45ಕ್ಕೆ ಸೊನ್ನೆಯಾಗುತ್ತದೆ, ಹಾಗಾಗಿ ಅದನ್ನು ಕೊನೆಯ ದಾರಿಯೆಂದು ಎತ್ತಿಡಲಾಗದು. ಆದರೆ ರಾತ್ರಿ ಹನ್ನೊಂದರ ಕಾಲ್‌ನಿಂದ ಬೇಸತ್ತು ಊರಿಗೆ ಹೊರಡಬೇಡಿ. ಆ ಬೇಸರಕ್ಕೆ ಕೆಲಸ ಬದಲಾಯಿಸಿದರೆ ಸಾಕು.

ಕೆಲಸ ಬದಲಾಯಿಸಲಿ ಎಂಬುದೇ ನನ್ನ ಅಭಿಪ್ರಾಯ. ಕಂಪನಿಯ ಲಾಯರನ್ನು ನೆಚ್ಚಬೇಡಿ. ಫೀಸು ಕೊಟ್ಟು ನಿಮ್ಮದೇ ಇಮಿಗ್ರೇಷನ್ ಲಾಯರೊಬ್ಬರಿಗೆ ಐ-797 ಮತ್ತು ಆಫರ್ ಲೆಟರ್ ತೋರಿಸಿ. ಹೊಸ ಕಂಪನಿಯ ಎಚ್-1ಬಿ ಅರ್ಜಿ ಸಲ್ಲಿಕೆಯಾಗಿ ರಸೀದಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.