ರೋಗಿಗಳ ಬಳಗದಲ್ಲಿ ಪಕ್ಷದ ಮಾತು ಬೇಡವೇಕೆ?

ಸಕ್ಕರೆ ಕಾಯಿಲೆ, ಸಂಧಿವಾತ, ಮೂತ್ರಪಿಂಡದ ವೈಫಲ್ಯ, ಮದ್ಯವ್ಯಸನ ಮೊದಲಾದವು ಬಂದು ಹೋಗುವ ರೋಗಗಳಲ್ಲ, ಬಂದು ನೆಲೆಯೂರುವ ರೋಗಗಳು. ವೈದ್ಯರು ಔಷಧಿಯನ್ನು ಗೊತ್ತುಮಾಡಿ ಕೊಡುತ್ತಾರೆ. ರೋಗದೊಡನೆ ಬಾಳುವ ಬಗೆಯನ್ನು ರೋಗಿಯೇ ಕಲಿಯಬೇಕು. ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಬಳಿ ಮಲಗುವವರು ಅಳತೆ ಮೀರಿ ನೀರು ಕುಡಿಯುವಂತಿಲ್ಲ. ಬೇಸಿಗೆಯ ಬಾಯಾರಿಕೆಯನ್ನು ಹೇಗೆ ತಾಳುವುದು, ಮದುವೆಯ ಪಂಕ್ತಿಯಲ್ಲಿ ಒತ್ತಾಯಿಸಿ ಬಡಿಸುವವರಿಗೆ ಏನು ಹೇಳುವುದು, ಮನೆಯವರ ಮೇಲೆ ಬೀಳುವ ಖರ್ಚನ್ನು ನೆನೆದಾಗ ಬರುವ ಸಂಕಟವನ್ನು ಯಾರಲ್ಲಿ ತೋಡಿಕೊಳ್ಳುವುದು ಎಂಬುದನ್ನು ಪಕ್ಕದ ಹಾಸಿಗೆಯಲ್ಲಿ ಮಲಗಿದವರು ಬಲ್ಲಷ್ಟು ಬೇರೆ ಯಾರೂ ಬಲ್ಲವರಲ್ಲ. ಇಂಥವರು ಕೂಡಿ ಕಟ್ಟಿಕೊಂಡ ಬಳಗವು, ಅದು ಆಸ್ಪತ್ರೆಯ ಮೊಗಸಾಲೆಯಲ್ಲಿ ಸೇರಲಿ, ದೂರವಾಣಿಯಲ್ಲಿ ಮಾತಾಡಿಕೊಳ್ಳಲಿ, ಚಿಕಿತ್ಸೆಯ ಒಂದು ಅಂಗವೇ ಎಂದು ನಾವು ಭಾವಿಸುತ್ತೇವೆ. ಅದರೊಳಕ್ಕೆ ಪಕ್ಷರಾಜಕಾರಣ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಈ ವಿಚಾರಕ್ಕೆ ಮದ್ಯವ್ಯಸನಿಗಳ ಬಳಗಗಳ ಚರಿತ್ರೆಯಷ್ಟು ಒಳ್ಳೆಯ ಪಾಠ ಮತ್ತೊಂದಿಲ್ಲ. ವ್ಯಸನ ಬಿಡಿಸುವ ಕೆಲಸವೇನೋ ನಮ್ಮ ನಾಡಿಗೆ ಹೊಸತಲ್ಲ, ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ಸದ್ಭಕ್ತರು ಬಲ್ಲರು. ಆದರೆ ವ್ಯಸನಿಗಳೇ ಕೂಡಿ ಒಬ್ಬರನ್ನೊಬ್ಬರು ಎತ್ತಿ ಹಿಡಿಯುವ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು, ಮುರಿದದ್ದು, ಮತ್ತೆ ಚಿಗುರಿದ್ದು ಅಮೆರಿಕ ದೇಶದಲ್ಲಿ.

1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದ ಒಂದು ಹೆಂಡದಂಗಡಿಯಲ್ಲಿ ಆರು ಮಂದಿ ಗೆಳೆಯರು ಕುಳಿತಿದ್ದರು. ಒಬ್ಬ ದರ್ಜಿ, ಒಬ್ಬ ಬಡಗಿ, ಇಬ್ಬರು ಕಮ್ಮಾರರು, ಒಬ್ಬ ಸಾರೋಟು ಕಟ್ಟುವವ, ಒಬ್ಬ ಬೆಳ್ಳಿ ಕೆಲಸದವ. ಎಲ್ಲರೂ ಕುಡುಕರೇ. ಇನ್ನು ಮುಟ್ಟುವುದಿಲ್ಲ ಎಂದು ಅವರು ಪರಸ್ಪರ ಮಾತು ಕೊಟ್ಟುಕೊಂಡು, ತಮ್ಮ ಸಂಘಕ್ಕೆ ಜಾರ್ಜ್ ವಾಷಿಂಗ್ಟನ್ನರ ಹೆಸರಿಟ್ಟರು. ಉಪದೇಶ ಮಾಡುವುದಲ್ಲ, ತನ್ನ ಅನುಭವವನ್ನು ತಾನೇ ಹೇಳಿಕೊಳ್ಳುವುದು ಅವರ ಪದ್ಧತಿಯಾಗಿತ್ತು. ಬಿದ್ದವನ ಬಾಯಿಂದ ಬಂದ ಮಾತು ಬಿದ್ದವನಿಗೆ ನಾಟಿತು. ಕೆಲವೇ ವರ್ಷಗಳಲ್ಲಿ ಸಂಘವು ಅಮೆರಿಕದ ಹಲವು ರಾಜ್ಯಗಳಿಗೆ ಹಬ್ಬಿತು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಈ ಸಂಘದ ಸಭೆಯನ್ನುದ್ದೇಶಿಸಿ ಮಾತಾಡಿದ ಎಳೆಯ ವಕೀಲ ಅಬ್ರಹಾಂ ಲಿಂಕನ್, ಕುಡುಕರನ್ನು ಜರೆಯುವುದರಿಂದ ಫಲವಿಲ್ಲ, ಸ್ನೇಹದಿಂದ ಮನವೊಲಿಸಬೇಕು ಎಂಬ ಅಭಿಪ್ರಾಯವನ್ನು ಮುಂದಿಟ್ಟರು.

ಅಷ್ಟು ಬೆಳೆದ ಸಂಘ ದಶಕ ತುಂಬುವುದರೊಳಗೆ ಬಹುಮಟ್ಟಿಗೆ ಕರಗಿಹೋಯಿತು. ಭದ್ರವಾದ ವ್ಯವಸ್ಥೆಯಿಲ್ಲದಿದ್ದುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ವಿಚಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಮದ್ಯ ಮಾರಾಟವನ್ನು ಕಾಯಿದೆಯಿಂದ ನಿಷೇಧಿಸಬೇಕೇ ಬೇಡವೇ ಎಂಬ ವಾದ, ಗುಲಾಮಗಿರಿಯ ಕುರಿತಾದ ವಾದ, ಹೀಗೆ ಆ ಕಾಲದ ದೊಡ್ಡ ರಾಜಕೀಯ ಕಲಹಗಳೆಲ್ಲ ಸಭೆಯೊಳಕ್ಕೆ ನುಗ್ಗಿದವು. ಗುಲಾಮಗಿರಿಯ ಪ್ರಶ್ನೆ ಸಣ್ಣದೆಂದು ನಾವು ಹೇಳುತ್ತಿಲ್ಲ; ಅದಕ್ಕಿಂತ ದೊಡ್ಡ ಪ್ರಶ್ನೆ ಆ ದೇಶದಲ್ಲಿ ಇರಲಿಲ್ಲ. ಆದರೆ ಅದನ್ನು ಇತ್ಯರ್ಥಮಾಡುವ ತಾಣಗಳು ಬೇರೆ ಇದ್ದವು. ನಡುಗುವ ಕೈಗಳನ್ನು ಹಿಡಿದುಕೊಳ್ಳಲು ಇದ್ದ ತಾಣವೆಂದರೆ ಈ ಸಭೆಯೊಂದೇ.

ಸುಮಾರು ತೊಂಬತ್ತು ವರ್ಷಗಳ ಮೇಲೆ ಎರಡನೆಯ ಪ್ರಯೋಗ ನಡೆಯಿತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಏಕ್ರನ್ ಎಂಬ ಪರವೂರಿನಲ್ಲಿದ್ದರು. ಬಂದ ವ್ಯವಹಾರ ಕೆಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಮತ್ತೆ ಬೀಳುವ ಭಯ ಕಾಡಿತು. ಆಗ ಅವರು ಹುಡುಕಿದ್ದು ವೈದ್ಯರನ್ನಲ್ಲ, ಮಾತಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಇವರಿಬ್ಬರ ಭೇಟಿಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿತು. ಇಂದು ಅದರ ಸಭೆಗಳು ನಮ್ಮ ನಾಡಿನಲ್ಲೂ ನಡೆಯುತ್ತವೆ.

ಕಾಲವನ್ನು ಗಮನಿಸಬೇಕು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ನಿಷೇಧ ಬೇಕೆನ್ನುವವರು, ಬೇಡವೆನ್ನುವವರು ಎಂದು ದೇಶ ಇಬ್ಭಾಗವಾಗಿ, ಚುನಾವಣೆಗಳಲ್ಲೂ ಅದೇ ಮಾತಾಗಿತ್ತು. ಅದು ಮುಗಿದ ಎರಡೇ ವರ್ಷಕ್ಕೆ ಹುಟ್ಟಿದ ಬಳಗ, ಮದ್ಯದಿಂದಲೇ ನೊಂದವರ ಬಳಗ, ಮದ್ಯದ ಕಾನೂನಿನ ವಿಷಯದಲ್ಲಿ ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ! 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನದಲ್ಲಿ ಅದು ಹನ್ನೆರಡು ಸಂಪ್ರದಾಯಗಳನ್ನು ಅಂಗೀಕರಿಸಿತು. ಹೊರಗಿನ ವಿವಾದಗಳಲ್ಲಿ ಬಳಗದ ಹೆಸರು ಸಿಲುಕಬಾರದು ಎಂಬುದು ಅವುಗಳಲ್ಲಿ ಹತ್ತನೆಯದು. ಅದನ್ನು ವಿವರಿಸುವಾಗ ಬಾಲ್ಟಿಮೋರಿನ ಹಳೆಯ ಸಂಘದ ಗತಿಯನ್ನು ಅವರು ನೆನೆದಿದ್ದಾರೆ. ಏಳನೆಯ ಸಂಪ್ರದಾಯವೂ ಇದಕ್ಕೆ ಒತ್ತಾಸೆಯಾಗಿದೆ: ಹೊರಗಿನವರ ದೇಣಿಗೆಯನ್ನು ಬಳಗ ಸ್ವೀಕರಿಸುವುದಿಲ್ಲ, ಸದಸ್ಯರ ಕಾಣಿಕೆಯಲ್ಲೇ ನಡೆಯಬೇಕು. ಶಾಮಿಯಾನ ಹಾಕಿಸಿಕೊಟ್ಟವರ ಭಾವಚಿತ್ರ ಫ್ಲೆಕ್ಸಿನ ಮೇಲೆ ಬರುವುದು, ಫ್ಲೆಕ್ಸಿನಲ್ಲಿ ಬಂದವರು ವೇದಿಕೆಗೂ ಬರುವುದು ನಾವೆಲ್ಲ ಕಂಡ ಸಂಗತಿಯೇ.

ಸದಸ್ಯನಿಗೆ ಇದರಿಂದ ಬಾಯಿ ಕಟ್ಟಿದಂತಾಗಲಿಲ್ಲ. ಆತ ಮತ ಹಾಕಬಹುದು, ಪ್ರಚಾರ ಮಾಡಬಹುದು, ಚುನಾವಣೆಗೂ ನಿಲ್ಲಬಹುದು; ಬಳಗದ ಹೆಸರಿನಲ್ಲಿ ಮಾಡುವಂತಿಲ್ಲ, ಅಷ್ಟೆ.

ಔಷಧಿಗೇ ಪಕ್ಷದ ಬಣ್ಣ ಬಳಿದರೆ ಏನಾಗುವುದೆಂಬುದಕ್ಕೆ ಈಚಿನ ಉದಾಹರಣೆಯೊಂದಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯನ್ನು ಲೂಪಸ್ ಮತ್ತು ಸಂಧಿವಾತದ ರೋಗಿಗಳು ವರ್ಷಗಟ್ಟಲೆ ಸೇವಿಸುತ್ತಾರೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅದನ್ನು ಕೊರೋನಾಕ್ಕೆ ಮದ್ದೆಂಬಂತೆ ಹೊಗಳಿದರು. ತಿಂಗಳು ಮುಗಿಯುವುದರೊಳಗೆ ಅಲ್ಲಿ ಮಾತ್ರೆಗೆ ಕೊರತೆಯುಂಟಾಯಿತು. ಭಾರತವೂ ಮಾರ್ಚ್ 25ರಂದು ಅದರ ರಫ್ತಿಗೆ ತಡೆ ಹಾಕಿತು. ಅಧ್ಯಕ್ಷರನ್ನು ಮೆಚ್ಚುವವರು ಮಾತ್ರೆಯನ್ನು ಮೆಚ್ಚಿದರು, ಒಪ್ಪದವರು ಮಾತ್ರೆಯನ್ನೂ ಹೀಗಳೆದರು. ಆಸ್ಪತ್ರೆಯಲ್ಲಿದ್ದ ಕೊರೋನಾ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲವೆಂದು ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಈ ಗದ್ದಲದ ನಡುವೆ ಲೂಪಸ್ ರೋಗಿಯೊಬ್ಬರು ತಮ್ಮ ಬಳಗದಲ್ಲಿ ‘ನನ್ನ ಮಾತ್ರೆ ಎಲ್ಲಿ ಸಿಗುತ್ತದೆ?’ ಎಂದು ಕೇಳಬೇಕಾಗಿತ್ತೆಂದು ಭಾವಿಸಿರಿ. ಕೇಳಿದ್ದು ಮಾತ್ರೆಯನ್ನು, ಕೇಳುವವರ ಕಿವಿಗೆ ಬೀಳುವುದು ಪಕ್ಷ.

ಇಲ್ಲಿ ಓದುಗರು ಒಂದು ಆಕ್ಷೇಪವನ್ನೆತ್ತಬಹುದು. ಔಷಧಿಯ ಬೆಲೆ, ಜಿಲ್ಲಾ ಆಸ್ಪತ್ರೆಯ ಯಂತ್ರ, ವಿಮೆಯ ಕಾರ್ಡು ಇವೆಲ್ಲ ಸರ್ಕಾರದ ಕೈಯಲ್ಲಿರುವಾಗ ರೋಗಿ ರಾಜಕೀಯವನ್ನು ಬಿಟ್ಟು ಬದುಕುವುದುಂಟೇ? ಆಕ್ಷೇಪ ಯುಕ್ತವೇ. ಮದ್ಯವ್ಯಸನಿಗಳ ಬಳಗದಷ್ಟು ಕಟ್ಟುನಿಟ್ಟು ಎಲ್ಲ ರೋಗಿಗಳಿಗೂ ಸಲ್ಲದು. ಬೇಡಿಕೆಯನ್ನು ಅವಶ್ಯವಾಗಿ ಮುಂದಿಡಬೇಕು. ಆದರೆ ಅದು ರೋಗದ ಬೇಡಿಕೆಯಾಗಿರಬೇಕು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು. ಹೊಸ ಮಸೂದೆ 2014ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, 2016ರ ಡಿಸೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ರೋಗಗಳೂ ಸೇರಿ ಅದರಲ್ಲಿ ಇಪ್ಪತ್ತೊಂದು ವೈಕಲ್ಯಗಳಿವೆ. ಮಂಡನೆಗೂ ಒಪ್ಪಿಗೆಗೂ ನಡುವೆ ಲೋಕಸಭಾ ಚುನಾವಣೆ ನಡೆದು ಸರ್ಕಾರವೇ ಬದಲಾಗಿತ್ತು. ಒಂದು ಪಕ್ಷದ ಬಾಲ ಹಿಡಿದ ಬೇಡಿಕೆಯಾಗಿದ್ದರೆ ಅದು ಈ ಹೊಳೆಯನ್ನು ದಾಟುತ್ತಿತ್ತೇ?

ನಮ್ಮ ರಾಜ್ಯದ ಕಾರ್ಡಿನ ಹೆಸರನ್ನೇ ನೋಡಿರಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಕೇಂದ್ರದ್ದೂ ರಾಜ್ಯದ್ದೂ ಸೇರಿಯೇ ಇದೆ. ಯಾರು ಕೊಟ್ಟದ್ದೆಂದು ವಾದಿಸುತ್ತ ಕುಳಿತರೆ, ಯಾವ ಕಾಗದ ಬೇಕು, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಕೇಳಲು ಬಂದ ವೃದ್ಧೆಯು ಉತ್ತರವಿಲ್ಲದೆ ಹಿಂದಿರುಗಬೇಕಾಗುತ್ತದೆ.

ಜಗಳದಿಂದ ದೇಹಕ್ಕೂ ಪೆಟ್ಟುಂಟು. ಸಿಟ್ಟು ಏರಿದಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ಒಸರಿ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತವೆ. ಸಕ್ಕರೆ ಕಾಯಿಲೆಯವರ ಬಳಗವೇ ಸಕ್ಕರೆ ಏರಿಸುವುದು ವಿಪರೀತವಲ್ಲವೇ!

ಆದುದರಿಂದ ಬಳಗವನ್ನು ನಡೆಸುವವರು ಈ ನಿಯಮವನ್ನು ಚುನಾವಣೆ ಘೋಷಣೆಯಾಗುವುದಕ್ಕೆ ಮುಂಚೆಯೇ ಎಲ್ಲರ ಒಪ್ಪಿಗೆಯಿಂದ ಗೊತ್ತುಮಾಡಿಕೊಳ್ಳುವುದು ಲೇಸು. ಕಾವೇರಿದ ಮೇಲೆ ಮಾಡಿದ ನಿಯಮ ಒಂದು ಪಕ್ಷದ ವಿರುದ್ಧ ಮಾಡಿದಂತೆ ತೋರುತ್ತದೆ. ನಿಯಮ ಮುರಿದವರು ತಮ್ಮ ಮೆಚ್ಚಿನ ಪಕ್ಷದವರೇ ಆಗಿದ್ದರೆ ಅವರನ್ನೇ ಮೊದಲು ತಡೆಯಬೇಕು. ಉಳಿದವರಿಗೆ ನಂಬಿಕೆ ಬರುವುದು ಅಲ್ಲಿಂದ. ಜಗಳ ಎಲ್ಲರಿಗೂ ಕಾಣುತ್ತದೆ, ಮೌನ ಕಾಣುವುದಿಲ್ಲ. ಮನನೊಂದವರಲ್ಲಿ ಹೆಚ್ಚಿನವರು ಎದುರಾಡುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ. ಹಾಗೆ ಸರಿದವರಿಗೆ ವಾರದೊಳಗೆ ಯಾರಾದರೊಬ್ಬರು ಕರೆ ಮಾಡಿ, ಆ ವಾದದ ಸುದ್ದಿಯೆತ್ತದೆ, ಇನ್ಸುಲಿನ್ ಇನ್ನೆಷ್ಟು ದಿನಕ್ಕಿದೆ, ಮುಂದಿನ ಡಯಾಲಿಸಿಸ್ ಯಾವ ದಿನ, ಜೊತೆಗೆ ಹೋಗಿಬರುವವರು ಇದ್ದಾರೆಯೇ ಎಂದು ವಿಚಾರಿಸಬೇಕು.